ಗಂಡಸಿನ ಪಾಲು

ನಮ್ಮ ಸಂಘದ ಮಾಸಿಕದಲ್ಲಿ ನಾನು ಈ ಹಿಂದೆ ಬರೆದ ಪ್ರಬಂಧಗಳು ಐದಾರು. ಒಂದು ನಮ್ಮೂರ ಕೆರೆಯನ್ನು ಕುರಿತದ್ದು, ಇನ್ನೊಂದು ನನ್ನ ತಂದೆಯವರ ಕೊಡೆಯನ್ನು ಕುರಿತದ್ದು, ಮತ್ತೊಂದು ಸಂತೆಯ ವೀಳ್ಯದೆಲೆಯನ್ನು ಕುರಿತದ್ದು. ಅವನ್ನು ಓದಿ ಸಂತೋಷಪಟ್ಟ ಮಹನೀಯರು ಈ ತಿಂಗಳ ಬರಹವನ್ನು ಕಂಡು ಹುಬ್ಬು ಗಂಟಿಕ್ಕಬಹುದು. ಸಂಪಾದಕರು ಹಸ್ತಪ್ರತಿಯನ್ನು ಎರಡು ದಿನ ಇಟ್ಟುಕೊಂಡಿದ್ದು, ಮೂರನೆಯ ದಿನ ಮನೆಗೆ ಬಂದು, "ಮೇಷ್ಟ್ರೆ, ಇದನ್ನು ಹೆಸರು ಹಾಕದೆ ಅಚ್ಚುಮಾಡಿದರೆ ಹೇಗೆ?" ಎಂದು ಕೇಳಿದರು. ಹೆಸರಿಲ್ಲದೆ ಬರೆಯುವುದಾದರೆ ನಾನು ಬರೆಯಬೇಕಾದ ಅವಶ್ಯಕತೆಯೇ ಇರಲಿಲ್ಲವೆಂದು ಹೇಳಿ ಅವರನ್ನು ಒಪ್ಪಿಸಿದೆನು. ಅವರು ಹೋದಮೇಲೆ ಈ ನಾಲ್ಕು ಸಾಲುಗಳನ್ನು ಮೊದಲಿಗೆ ಸೇರಿಸಿದ್ದೇನೆ.

ಕಳೆದ ವರ್ಷದ ಕಾರ್ತಿಕಮಾಸದ ಒಂದು ಸಂಜೆ ನನ್ನ ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದನು. ಐದನೆಯ ತರಗತಿಯಿಂದ ನಮ್ಮ ಮನೆಯಲ್ಲಿಯೇ ಬೆಳೆದ ಹುಡುಗ. ಈಗ ಮೂವತ್ತೆರಡು ವರ್ಷ. ಸಾಫ್ಟ್‌ವೇರ್ ಕಚೇರಿಯಲ್ಲಿ ಕೆಲಸ. ಮದುವೆಯಾಗಿ ಎರಡು ವರ್ಷ ತುಂಬಿದೆ. ಅವನ ಅತ್ತೆ ದೀಪ ಹಚ್ಚಲೆಂದು ದೇವಸ್ಥಾನಕ್ಕೆ ಹೋಗಿದ್ದಳು. ಹುಡುಗನು ಜಗಲಿಯ ಕಂಬಕ್ಕೊರಗಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ, "ಮಾವ, ಒಂದು ಮಾತು ಕೇಳಬೇಕು. ಅತ್ತೆ ಬರುವುದರೊಳಗೆ ಕೇಳಿಬಿಡುತ್ತೇನೆ" ಎಂದನು.

ಅವನು ಕೇಳಿದ್ದು ತನ್ನ ವೀರ್ಯದ ವಿಷಯ. ಕೆಲವು ವಾರಗಳಿಂದ ಅದು ಮೊದಲಿನಂತಿಲ್ಲವಂತೆ. ಬೆಂದ ಸಬ್ಬಕ್ಕಿಯಂತೆ ಗಂಟುಗಂಟಾಗಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದೇ ನೀರಾಗಿರುತ್ತದೆ. ಒಂದೆರಡು ಸಲ ಹಳದಿಯ ಛಾಯೆಯೂ ಕಂಡಿತ್ತು. ಮೂರು ರಾತ್ರಿ ನಿದ್ದೆಗೆಟ್ಟು ಮೊಬೈಲಿನಲ್ಲಿ ಓದಿದ್ದನು. ಓದಿದಷ್ಟೂ ಭಯ ಹೆಚ್ಚಿತ್ತು. ಗೆಳೆಯರಿಗೆ ಹೇಳುವಂತಿರಲಿಲ್ಲ; ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ; ತಂದೆಯ ಮುಂದೆ ಆ ಶಬ್ದವನ್ನು ಎತ್ತುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಕಡೆಗೆ ಬಸ್ಸು ಹತ್ತಿ ಮಾವನ ಬಳಿಗೆ ಬಂದಿದ್ದನು. ಅವನ ಮುಖವನ್ನು ನೋಡುತ್ತಿದ್ದಂತೆ ನನಗೆ ಐವತ್ತು ವರ್ಷ ಹಿಂದಿನ ಮತ್ತೊಬ್ಬ ಹುಡುಗನ ಮುಖ ಕಂಡಿತು.

1975ರಲ್ಲಿ ನಾನು ಹಾಸನದಲ್ಲಿ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಓದುತ್ತಿದ್ದೆನು. ಹದಿನೆಂಟು ವರ್ಷ. ಪ್ರೌಢಶಾಲೆಯಲ್ಲಿ ನಮ್ಮ ವಿಜ್ಞಾನದ ಉಪಾಧ್ಯಾಯರು ಸಂತಾನೋತ್ಪತ್ತಿಯ ಪಾಠ ಬಂದಾಗ ಪುಸ್ತಕವನ್ನು ಮುಚ್ಚಿ, "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದಿದ್ದರು. ಮನೆಯಲ್ಲಿ ಓದಲು ಧೈರ್ಯ ಯಾರಿಗಿತ್ತು? ಆದುದರಿಂದ ಈ ವಿಷಯದಲ್ಲಿ ನನ್ನ ಗುರುಗಳು ಎರಡೇ: ಹಾಸ್ಟೆಲಿನ ಹಿರಿಯ ಹುಡುಗರು, ಮತ್ತು ರೈಲ್ವೆ ಗೇಟಿನ ಬಳಿಯ ಗೋಡೆ. ಒಂದು ದಿನ ಮೂತ್ರದ ಕೊನೆಗೆ ಸುಣ್ಣದ ತಿಳಿಯಂತೆ ಬಿಳಿಯದೇನೋ ಹೋದುದನ್ನು ಕಂಡೆನು. ಹಿರಿಯ ಹುಡುಗನೊಬ್ಬನು ಗಂಭೀರವಾಗಿ, "ಧಾತು ಹೋಗುತ್ತಿದೆ" ಎಂದನು. ನಲವತ್ತು ತೊಟ್ಟು ರಕ್ತದಿಂದ ಒಂದು ತೊಟ್ಟು ವೀರ್ಯವಾಗುತ್ತದೆಂಬ ಲೆಕ್ಕವನ್ನೂ ಅವನೇ ಹೇಳಿಕೊಟ್ಟನು. ಗಣಿತದಲ್ಲಿ ಎರಡು ಸಲ ನಪಾಸಾಗಿದ್ದ ಆ ಮಹಾನುಭಾವನ ಈ ಒಂದು ಲೆಕ್ಕವನ್ನು ಮಾತ್ರ ನಾವೆಲ್ಲರೂ ಪ್ರಶ್ನಿಸದೆ ಒಪ್ಪಿಕೊಂಡಿದ್ದೆವು.

ಗೋಡೆಯ ಮೇಲೆ ನೀಲಿ ಅಕ್ಷರಗಳಲ್ಲಿ ಬರೆದಿದ್ದ ವೈದ್ಯನು ತಿಂಗಳಿಗೆ ಎರಡು ದಿನ ಬಸ್ ನಿಲ್ದಾಣದ ಇದಿರಿನ ಲಾಡ್ಜಿಗೆ ಬರುತ್ತಿದ್ದನು. ನಾನು ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿದು, ನಾಲ್ಕನೆಯ ಸಲ ಒಳಹೊಕ್ಕೆನು. ಆತನು ನಾಡಿಯನ್ನು ಹಿಡಿದು, ಕಣ್ಣಿನ ರೆಪ್ಪೆಯನ್ನು ಎಳೆದು ನೋಡಿ, "ಇನ್ನು ಆರು ತಿಂಗಳು ತಡಮಾಡಿದ್ದರೆ ಮದುವೆಗೆ ಯೋಗ್ಯನಾಗಿ ಉಳಿಯುತ್ತಿರಲಿಲ್ಲ" ಎಂದನು. ಹಾಲಿನಲ್ಲಿ ಕದಡಿ ಕುಡಿಯಲು ಬೂದುಬಣ್ಣದ ಪುಡಿಯ ಪೊಟ್ಟಣಗಳನ್ನು ಕೊಟ್ಟನು. ಅದಕ್ಕಾಗಿ ನಾನು ತಂದೆಯವರು ಕೊಡಿಸಿದ್ದ ಕೈಗಡಿಯಾರವನ್ನು ಮಾರಿದೆನು. ಸಂತೆಯಲ್ಲಿ ಕಳೆದುಹೋಯಿತೆಂದು ಅವರಿಗೆ ಸುಳ್ಳು ಹೇಳಿದೆನು. ಈ ಬಗೆಯ ಜಾಹೀರಾತನ್ನು ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ 1954ರಲ್ಲಿಯೇ ಆಗಿತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಗೋಡೆಗೆ ಸುಣ್ಣ ಬಳಿದವರಿಗೂ ತಿಳಿದಿರಲಿಲ್ಲವೆಂದು ಕಾಣುತ್ತದೆ.

ಆ ಬಿಳಿಯ ವಸ್ತು ವೀರ್ಯವಾಗಿರಲಿಲ್ಲ. ಮೂತ್ರದಲ್ಲಿ ಕರಗಿರುವ ಫಾಸ್ಫೇಟ್ ಎಂಬ ಲವಣವು ಕೆಲವು ವೇಳೆ ಕರಗಿ ಉಳಿಯದೆ ಹೀಗೆ ಮಬ್ಬಾಗಿ ಕಾಣುತ್ತದೆ. ಎರಡು ತೊಟ್ಟು ಹುಳಿ ಬೆರೆಸಿದರೆ ತಿಳಿಯಾಗುತ್ತದೆ. ಮಲಬದ್ಧತೆಯಿಂದ ತಿಣುಕುವಾಗ ಒಂದೆರಡು ತೊಟ್ಟು ಪ್ರಾಸ್ಟೇಟ್ ಗ್ರಂಥಿಯ ಸ್ರಾವ ಬರುವುದೂ ಉಂಟು. ಇವೆರಡರಿಂದಲೂ ಯಾರ ಶಕ್ತಿಯೂ ಕುಂದುವುದಿಲ್ಲ. ಆದರೆ ಭಯ ಮಾತ್ರ ನಿಜವಾದ ವ್ಯಾಧಿ. ಹಸಿವು ಕಟ್ಟಿತು, ನಿದ್ದೆ ಹೋಯಿತು, ಕೈಕಾಲು ಸೋತವು. ಇವೆಲ್ಲವೂ ಧಾತುನಷ್ಟದ ಲಕ್ಷಣಗಳೆಂದು ಗೋಡೆಯಲ್ಲಿಯೇ ಬರೆದಿದ್ದುದರಿಂದ ನನ್ನ ರೋಗ ನನ್ನ ಕಣ್ಣಮುಂದೆಯೇ ಸಿದ್ಧವಾಯಿತು. ಮನೋವೈದ್ಯರಾದ ಡಾ|| ಎನ್. ಎನ್. ವಿಗ್ ಅವರು ಇದೇ ಸ್ಥಿತಿಗೆ 1960ರಲ್ಲಿ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ನಮ್ಮ 'ಧಾತು' ಎಂಬ ಶಬ್ದ ಹೀಗೆ ಲೋಕದ ವೈದ್ಯಗ್ರಂಥಗಳನ್ನು ಸೇರಿತು. ಕನ್ನಡ ಪಂಡಿತನಾದ ನಾನು ಇದಕ್ಕೆ ಹೆಮ್ಮೆಪಡಬೇಕೋ ನಾಚಬೇಕೋ ಇನ್ನೂ ನಿರ್ಣಯಿಸಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಈ ಅಂಜಿಕೆಯನ್ನೆಲ್ಲ ನಮ್ಮ ಪೂರ್ವಿಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅನ್ನರಸದಿಂದ ರಕ್ತ, ರಕ್ತದಿಂದ ಮಾಂಸ, ಹೀಗೆ ಏಳನೆಯದಾಗಿ ಶುಕ್ರವೆಂಬ ಧಾತುಕ್ರಮ ಆಯುರ್ವೇದದಲ್ಲಿರುವುದು ದಿಟ. ಆದರೆ ಆ ಗ್ರಂಥಕಾರರು ಕಣ್ಣುಬಿಟ್ಟು ನೋಡಿದವರು. ಚರಕಸಂಹಿತೆಯಲ್ಲಿ ಶುಕ್ರದ ದೋಷಗಳು ಎಂಟೆಂದು ಎಣಿಸಿದೆ: ನೊರೆಯಿಂದ ಕೂಡಿದ್ದು, ತೆಳುವಾದದ್ದು, ಬಣ್ಣಗೆಟ್ಟದ್ದು, ದುರ್ಗಂಧವುಳ್ಳದ್ದು, ಲೋಳೆಯಾದದ್ದು ಇತ್ಯಾದಿ. ನಿರ್ದುಷ್ಟವಾದದ್ದು ಸ್ಫಟಿಕದಂತಿರುತ್ತದೆಂದು ಸುಶ್ರುತಸಂಹಿತೆ ಹೇಳುತ್ತದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇದಕ್ಕಿಂತ ಹೆಚ್ಚಾಗಿ ಯಾರು ನೋಡಬಲ್ಲರು? ಹೆದರಿಸುವ ಕೆಲಸದಲ್ಲಿ ಪಶ್ಚಿಮದವರೇನೂ ಹಿಂದೆ ಬಿದ್ದವರಲ್ಲ. ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದ ಟಿಸ್ಸೊ ಎಂಬ ವೈದ್ಯನ ಗ್ರಂಥ 1760ರಲ್ಲಿ ಫ್ರೆಂಚ್ ಭಾಷೆಯಲ್ಲಿ ಹೊರಟು, ಹಸ್ತಮೈಥುನದಿಂದ ಮನುಷ್ಯನು ಕುರುಡನೂ ಹುಚ್ಚನೂ ಆಗುವನೆಂದು ಯೂರೋಪಿನ ಹುಡುಗರನ್ನು ಒಂದು ಶತಮಾನಕ್ಕೂ ಮೀರಿ ನಡುಗಿಸಿತು. ನಮ್ಮ ಲಾಡ್ಜಿನ ವೈದ್ಯನು ಚರಕನನ್ನೂ ಓದಿರಲಿಲ್ಲ, ಟಿಸ್ಸೊವನ್ನೂ ಕೇಳಿರಲಿಲ್ಲ. ಹದಿನೆಂಟು ವರ್ಷದ ಹುಡುಗರ ಮುಖವನ್ನು ಓದಬಲ್ಲವನಾಗಿದ್ದನು, ಅಷ್ಟೆ.

ನನ್ನ ಮದುವೆ 1983ರಲ್ಲಾಯಿತು. ಲಾಡ್ಜಿನವನ ಭವಿಷ್ಯ ಸುಳ್ಳಾಯಿತು. ನಮ್ಮ ದಾಂಪತ್ಯದಲ್ಲಿ ಕೊರತೆಯೇನೂ ಕಾಣಲಿಲ್ಲ. ನನ್ನ ಹೆಂಡತಿಯ ಪೆಟ್ಟಿಗೆಯಲ್ಲಿ ತವರಿನವರು ಕೊಟ್ಟ ಅನುಪಮಾ ನಿರಂಜನರ 'ವಧುವಿಗೆ ಕಿವಿಮಾತು' ಇತ್ತು. ವರನಾದ ನನ್ನ ಕಿವಿಯಲ್ಲಿ ಯಾರೂ ಯಾವ ಮಾತನ್ನೂ ಹೇಳಿರಲಿಲ್ಲ. ನನಗೆ ತಿಳಿದದ್ದು ಇಷ್ಟೇ: ನನ್ನ ವೀರ್ಯ ಬೆಳ್ಳಗಿದೆ, ಗಟ್ಟಿಯಾಗಿದೆ, ಸಾಕಷ್ಟಿದೆ, ಆದುದರಿಂದ ನನ್ನಲ್ಲಿ ದೋಷವಿಲ್ಲ.

ಎರಡು ವರ್ಷ ಕಳೆಯಿತು, ನಾಲ್ಕು ಕಳೆಯಿತು. ಮನೆಯಲ್ಲಿ ಮಾತು ಹುಟ್ಟಿತು. ನನ್ನ ತಾಯಿ ಕೆಟ್ಟವರಲ್ಲ. ಸೊಸೆಯನ್ನು ಬೈದವರೂ ಅಲ್ಲ. ಆದರೆ ಸೀಮಂತಕ್ಕೆ ಕರೆಬಂದಾಗ ಸೊಸೆಗೆ, "ನೀನು ಮನೆ ನೋಡಿಕೊಂಡಿರಮ್ಮ" ಎಂದು ಹೇಳಿ ತಾವೊಬ್ಬರೇ ಹೋಗುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತಿತ್ತೆಂದು ನನ್ನ ಹೆಂಡತಿ ನನಗೆ ಹೇಳಿದ್ದು ಮೊನ್ನೆ ಮೊನ್ನೆ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ನಾಗರಕಲ್ಲನ್ನು ಪ್ರತಿಷ್ಠೆ ಮಾಡಿಸಿದೆವು. ದೊಡ್ಡಮಳೂರಿನಲ್ಲಿ ಅಂಬೆಗಾಲಿಕ್ಕುವ ಕೃಷ್ಣನಿಗೆ ತೊಟ್ಟಿಲನ್ನು ಹರಕೆ ಹೊತ್ತೆವು. ಅವಳು ನಲವತ್ತೆಂಟು ದಿನ ಒದ್ದೆಬಟ್ಟೆಯಲ್ಲಿ ಅರಳಿಕಟ್ಟೆಯನ್ನು ಸುತ್ತಿದಳು. ದೇವರುಗಳ ಸರದಿ ಮುಗಿದಮೇಲೆ ವೈದ್ಯರ ಸರದಿ. ಎರಡು ಸಲ ಡಿ ಅಂಡ್ ಸಿ ಮಾಡಿ ಗರ್ಭಕೋಶದ ಒಳಪದರವನ್ನು ಕೆರೆದು ಪರೀಕ್ಷೆಗೆ ಕಳುಹಿಸಿದರು. ಒಮ್ಮೆ ಬಣ್ಣದ ಔಷಧವನ್ನು ಏರಿಸಿ ನಾಳಗಳ ಚಿತ್ರವನ್ನು ತೆಗೆದರು. ಆ ದಿನ ಅವಳು ನೋವಿನಿಂದ ಬಸ್ಸಿನಲ್ಲಿ ಕುಳಿತುಕೊಳ್ಳಲಾರದೆ ನಿಂತೇ ಬಂದಳು. ಎಲ್ಲವೂ ಸರಿಯಾಗಿದೆಯೆಂದರು. ಸರಿಯಾಗಿದ್ದರೆ ಮಗುವೇಕಿಲ್ಲವೆಂದು ಮತ್ತೊಬ್ಬರಲ್ಲಿಗೆ ಹೋದೆವು. ಹೀಗೆ ಎಂಟು ವರ್ಷ. ಈ ಎಂಟು ವರ್ಷಗಳಲ್ಲಿ ನನ್ನನ್ನು ಯಾರೂ ಏನನ್ನೂ ಕೇಳಲಿಲ್ಲ. ನಾನೂ ಕೇಳಿಸಿಕೊಳ್ಳಲು ಮುಂದೆ ಬರಲಿಲ್ಲ.

1991ರಲ್ಲಿ ಮೈಸೂರಿನ ಒಬ್ಬ ವಯಸ್ಸಾದ ವೈದ್ಯೆ, ನಮ್ಮ ಕಡತವನ್ನೆಲ್ಲ ಎರಡು ಸಲ ತಿರುವಿಹಾಕಿ, ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, "ಇದರಲ್ಲಿ ಗಂಡಸಿನ ಕಾಗದ ಎಲ್ಲಿ?" ಎಂದು ಕೇಳಿದರು. ನಾನು ಉತ್ತರಿಸಲಿಲ್ಲ. "ನಾಲ್ಕಾಣೆ ಕೆಲಸವನ್ನು ಮೊದಲು ಮಾಡದೆ ನಾಲ್ಕು ಸಾವಿರದ ಕೆಲಸ ಮಾಡಿಸಿದ್ದೀರಿ" ಎಂದರು. ಮೂರು ದಿನ ಬ್ರಹ್ಮಚರ್ಯದಲ್ಲಿದ್ದು ಪರೀಕ್ಷೆಗೆ ಕೊಟ್ಟೆನು. ಬಂದ ಕಾಗದದಲ್ಲಿ, ಮಿಲಿಲೀಟರಿಗೆ ಕನಿಷ್ಠ ಎರಡು ಕೋಟಿ ವೀರ್ಯಾಣುಗಳಿರಬೇಕೆಂದು ಆಗ ಎಣಿಸುತ್ತಿದ್ದಲ್ಲಿ, ನನಗಿದ್ದದ್ದು ನಲವತ್ತು ಲಕ್ಷ. ಅವುಗಳಲ್ಲಿ ಚಲಿಸುತ್ತಿದ್ದುವು ನೂರಕ್ಕೆ ಹತ್ತು. ಒಂದೇ ಕಾಗದವನ್ನು ನಂಬಬಾರದೆಂದು ಮೂರು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಿದರು. ಅಂಕಿಗಳು ಹೆಚ್ಚು ಕದಲಲಿಲ್ಲ.

"ಆದರೆ ಗಟ್ಟಿಯಾಗಿಯೇ ಇದೆಯಲ್ಲ" ಎಂದು ನಾನು ಮೆಲ್ಲಗೆ ಹೇಳಿದೆನು. ಆಕೆ ನಕ್ಕು, ತಾಳ್ಮೆಯಿಂದ ವಿವರಿಸಿದರು. ಅಂದು ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಕೂಡಿಸಿ ವಾಚಕರಿಗೆ ಇಲ್ಲಿ ಹೇಳುತ್ತೇನೆ. ಯಾಕೆಂದರೆ ನನ್ನ ಎಂಟು ವರ್ಷ ಹಾಳಾದದ್ದು ಈ ಒಂದು ಅಜ್ಞಾನದಿಂದ.

ಕಣ್ಣಿಗೆ ಕಾಣುವ ವೀರ್ಯದಲ್ಲಿ ವೀರ್ಯಾಣುಗಳ ಪಾಲು ನೂರಕ್ಕೆ ಐದನ್ನೂ ಮೀರುವುದಿಲ್ಲ. ಮೂರರಲ್ಲಿ ಎರಡು ಭಾಗದಷ್ಟು ದ್ರವವು ಮೂತ್ರಕೋಶದ ಹಿಂಬದಿಯಲ್ಲಿರುವ ಎರಡು ವೀರ್ಯಕೋಶಗಳಿಂದ ಬರುವುದು. ಉಳಿದುದರಲ್ಲಿ ಹೆಚ್ಚಿನದು ಪ್ರಾಸ್ಟೇಟ್ ಗ್ರಂಥಿಯದು. ಆದುದರಿಂದ ವೀರ್ಯಾಣುವೊಂದೂ ಇಲ್ಲದ ವೀರ್ಯವೂ ನೋಡಲು ಬೆಳ್ಳಗೆ ಗಟ್ಟಿಯಾಗಿ ಇರಬಲ್ಲದು. ಲೇವನ್‌ಹುಕ್ ಎಂಬ ಡಚ್ ಬಟ್ಟೆವ್ಯಾಪಾರಿ ತಾನೇ ಅರೆದು ಮಾಡಿದ ಮಸೂರದ ಕೆಳಗೆ ಬಾಲವುಳ್ಳ ಆ ಜೀವಿಗಳನ್ನು ಕಂಡದ್ದು 1677ರಲ್ಲಿ. ಅದಕ್ಕೆ ಮುಂಚೆ ಜಗತ್ತಿನ ಯಾವ ಪಂಡಿತನೂ ಅವನ್ನು ಕಂಡಿರಲಿಲ್ಲ. ಅವನ ಕಾಲದಿಂದ ಮುನ್ನೂರು ವರ್ಷಗಳ ಮೇಲೂ ನಾನು ಬರಿಗಣ್ಣಿನ ಸಾಕ್ಷಿಯನ್ನೇ ನಂಬಿಕೊಂಡಿದ್ದೆನಲ್ಲ!

ಗಟ್ಟಿಯಾಗುವುದು ತೆಳುವಾಗುವುದು ಬೇರೆಯೇ ಒಂದು ಏರ್ಪಾಡು. ವೀರ್ಯವು ಹೊರಬಿದ್ದ ಕೂಡಲೆ, ವೀರ್ಯಕೋಶದಿಂದ ಬಂದ ಸೆಮಿನೋಜೆಲಿನ್ ಎಂಬ ಪ್ರೋಟೀನು ಅದನ್ನು ಹೆಪ್ಪು ಹಾಕಿದ ಮೊಸರಿನಂತೆ ಬಿಗಿಯುತ್ತದೆ. ಆಮೇಲೆ ಪ್ರಾಸ್ಟೇಟ್ ಗ್ರಂಥಿಯಿಂದ ಬಂದ ಮತ್ತೊಂದು ವಸ್ತು ಆ ಹೆಪ್ಪನ್ನು ಕತ್ತರಿಸಿ ಕರಗಿಸುತ್ತದೆ. ಸಾಮಾನ್ಯವಾಗಿ ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಒಂದು ಗಂಟೆಯೊಳಗೆ ಮುಗಿಯಬೇಕು. ವಯಸ್ಸಾದ ಗಂಡಸರು ರಕ್ತದಲ್ಲಿ ಪಿ.ಎಸ್.ಎ. ಎಂದು ಅಳೆಯಿಸಿಕೊಳ್ಳುತ್ತೇವಲ್ಲ, ಹೆಪ್ಪನ್ನು ಕರಗಿಸುವ ವಸ್ತು ಅದೇ. ಮೂರು ವರ್ಷದ ಹಿಂದೆ ನನ್ನ ಮೂತ್ರದ ತೊಂದರೆಗಾಗಿ ಆ ಪರೀಕ್ಷೆ ಮಾಡಿಸಿದಾಗ, ಯೌವನದಲ್ಲಿ ಅದಕ್ಕೆ ಇಂಥದೊಂದು ಉದ್ಯೋಗವಿತ್ತೆಂದು ಹೇಳಿದವರಿಲ್ಲ. ಒಂದು ಗಂಟೆ ಕಳೆದರೂ ಕರಗದಿದ್ದರೆ, ಅಥವಾ ಕರಗಿದ ಮೇಲೂ ತೊಟ್ಟಿಕ್ಕುವಾಗ ಎರಡು ಸೆಂಟಿಮೀಟರಿಗಿಂತ ಉದ್ದವಾದ ಎಳೆಯಾಗಿ ಜೋತುಬಿದ್ದರೆ, ಪರೀಕ್ಷಕರು ಅದನ್ನು ಬರೆದಿಡುತ್ತಾರೆ. ನನ್ನ ಅಳಿಯ ಕಂಡ ಸಬ್ಬಕ್ಕಿಯ ಗಂಟುಗಳೂ ಆಮೇಲಿನ ನೀರೂ ಈ ಸಹಜವಾದ ವ್ಯಾಪಾರವೇ. ಬಹಳ ದಿನ ಬಿಟ್ಟು ಬಂದದ್ದು ತುಸು ಹಳದಿಯಾಗಿರುವುದೂ, ಮೇಲಿಂದಮೇಲೆ ಬಂದದ್ದು ತೆಳ್ಳಗಿರುವುದೂ ರೋಗವಲ್ಲ.

ನನ್ನ ದೋಷ ಬೇರೆ. ವೃಷಣಗಳು ದೇಹದ ಹೊರಗೆ ಜೋತಾಡುವುದೇ ತಂಪಿಗಾಗಿ. ಒಡಲಿನ ಉಷ್ಣಕ್ಕಿಂತ ಎರಡು ಮೂರು ಡಿಗ್ರಿ ಕಡಮೆಯಿದ್ದರೇ ಅಲ್ಲಿನ ಕೆಲಸ ನಡೆಯುವುದು. ಎಡಗಡೆಯ ವೃಷಣದಿಂದ ರಕ್ತವನ್ನು ಮೇಲಕ್ಕೊಯ್ಯುವ ಅಭಿಧಮನಿಯು ಉದ್ದವಾಗಿ ಏರಿಹೋಗಿ ಮೂತ್ರಪಿಂಡದ ಅಭಿಧಮನಿಯನ್ನು ಅಡ್ಡಡ್ಡಲಾಗಿ ಸೇರಬೇಕು. ದಾರಿಯಲ್ಲಿರುವ ಕವಾಟಗಳು ಸೋತರೆ ರಕ್ತವು ಹಿಂದಕ್ಕಿಳಿದು ನಿಂತು, ನಾಳಗಳು ತೊಡಕುಬಿದ್ದ ನೂಲಿನುಂಡೆಯಂತೆ ಉಬ್ಬುತ್ತವೆ; ಅಲ್ಲಿನ ತಂಪು ಕೆಡುತ್ತದೆ. ವೆರಿಕೊಸಿಲ್ ಎಂದು ಇದಕ್ಕೆ ಹೆಸರು. ಗಂಡಸರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿಗೆ ಇರುತ್ತದಂತೆ. ಅವರಲ್ಲಿ ಬಹುಮಂದಿ ಮಕ್ಕಳೊಂದಿಗರಾಗಿ ಸುಖವಾಗಿದ್ದಾರೆ. ನಾನು ಆ ಅದೃಷ್ಟವಂತರಲ್ಲಿ ಸೇರಲಿಲ್ಲ. ನಿಂತು ನಿಂತು ಪಾಠ ಹೇಳಿದ ಸಂಜೆ ಎಡಗಡೆ ಭಾರವೆನಿಸುತ್ತಿದ್ದುದನ್ನು ನಾನು ಬಹಳ ವರ್ಷಗಳಿಂದ ಬಲ್ಲೆನು. ಹೇಳಿಕೊಳ್ಳುವ ಜಾಗವಲ್ಲವೆಂದು ಸುಮ್ಮನಿದ್ದೆನು.

1992ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ವೀರ್ಯಾಣು ಹುಟ್ಟಿ ಬಲಿಯಲು ಎರಡೂವರೆ ತಿಂಗಳು, ನಾಳಗಳನ್ನು ದಾಟಿಬರಲು ಮತ್ತೆ ಕೆಲವು ದಿನ. ಆದುದರಿಂದ ಯಾವ ಚಿಕಿತ್ಸೆಯ ಫಲವೂ ಮೂರು ತಿಂಗಳಿಗೆ ಮುಂಚೆ ತಿಳಿಯಲಾರದು. ಆರು ತಿಂಗಳ ಮೇಲೆ ನಲವತ್ತು ಲಕ್ಷವು ತೊಂಬತ್ತು ಲಕ್ಷವಾಗಿತ್ತು. ಮಗು ಆಗಲಿಲ್ಲ. ಒಂದೇ ಒಂದು ವೀರ್ಯಾಣುವನ್ನು ಆರಿಸಿ ಅಂಡದೊಳಕ್ಕೆ ಸೇರಿಸುವ ವಿಧಾನದಿಂದ ಬಸಿರಾದ ಸುದ್ದಿ ಬ್ರಸೆಲ್ಸ್ ನಗರದಿಂದ ಹೊರಟದ್ದು ಅದೇ 1992ರಲ್ಲಿ. ಅದು ನಮ್ಮ ಕಡೆಗೆ ಬಂದು, ಮೇಷ್ಟರ ಸಂಬಳಕ್ಕೆ ಎಟಕುವಂತಾಗುವ ಹೊತ್ತಿಗೆ ನಮ್ಮ ಕಾಲ ಮೀರಿತ್ತು.

ಇಷ್ಟನ್ನು ಬರೆಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಮುಂದಿನದು.

ಮೈಸೂರಿನಿಂದ ಆ ಮೊದಲ ಕಾಗದವನ್ನು ಹಿಡಿದು ಬಂದ ರಾತ್ರಿ ನನ್ನ ತಾಯಿ ಕಾದು ಕುಳಿತಿದ್ದರು. "ಏನಂದರಪ್ಪ ಡಾಕ್ಟರು? ಅವಳಿಗೆ ಏನಾದರೂ ದಾರಿಯುಂಟೆ?" ಎಂದು ಕೇಳಿದರು. ಹೆಂಡತಿ ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದಳು. ನಾನು, "ನೋಡೋಣ ಅಂದಿದ್ದಾರೆ" ಎಂದು ಹೇಳಿ ಕೈಕಾಲು ತೊಳೆಯಲು ಹೋದೆನು. ಅವಳು ಏನೂ ಆಡಲಿಲ್ಲ; ಒಳಹೋಗಿ ಎಲೆ ಹಾಕಿದಳು. ನಾಳೆ ಹೇಳೋಣ, ಹಬ್ಬ ಕಳೆಯಲಿ, ಅಮ್ಮನ ರಕ್ತದೊತ್ತಡ ಇಳಿಯಲಿ ಎಂದು ದಿನ ದೂಡಿದೆನು. ಶಸ್ತ್ರಚಿಕಿತ್ಸೆಯನ್ನು ಹರ್ನಿಯ ಎಂದು ಹೇಳಿದೆನು. ಒಬ್ಬ ದೂರದ ನೆಂಟನು ಬಂದು, ನನಗೆ ಎರಡನೆಯ ಸಂಬಂಧ ತರುವ ಮಾತೆತ್ತಿದಾಗ, ನಾನು ಸಿಟ್ಟಿನಿಂದ ಎದ್ದುಹೋದೆನು. ಊರಿನವರು ಅದನ್ನು ದೊಡ್ಡ ಗುಣವೆಂದು ಹೊಗಳಿದರು: 'ಬಂಜೆಯಾದರೂ ಹೆಂಡತಿಯನ್ನು ಬಿಡಲಿಲ್ಲ'. ಆ ಹೊಗಳಿಕೆಯನ್ನೂ ನಾನು ತಿರಸ್ಕರಿಸಲಿಲ್ಲ. ನನ್ನ ತಾಯಿ 1999ರಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಸೊಸೆಯ ಕೈಯಿಂದಲೇ ಗಂಜಿ ಕುಡಿದು, ಅವಳ ತಲೆಯನ್ನು ಸವರಿ, "ನಿನ್ನ ಹಣೆಯಲ್ಲಿ ಬರೆದಿರಲಿಲ್ಲ, ಏನು ಮಾಡುವುದಮ್ಮ" ಎಂದರು. ನಾನು ಅಲ್ಲಿಯೇ ನಿಂತಿದ್ದೆನು. ಆಗಲೂ ಹೇಳಲಿಲ್ಲ.

ಮಕ್ಕಳಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ದೋಷವೂ, ಒಂಟಿಯಾಗಿಯೋ ಹೆಂಗಸಿನದರೊಡನೆ ಕೂಡಿಯೋ, ಇರುತ್ತದೆಂದು ವೈದ್ಯರು ಹೇಳುತ್ತಾರೆ. ಹೀಗಿದ್ದರೂ ನಮ್ಮ ಬಳಕೆಯ ಮಾತಿನಲ್ಲಿ ಬಂಜೆಯೆಂಬ ಶಬ್ದಕ್ಕೆ ಪುಲ್ಲಿಂಗವಿಲ್ಲ. ಮೂವತ್ತು ವರ್ಷ ವ್ಯಾಕರಣ ಕಲಿಸಿದೆನು. ಅರಸ–ಅರಸಿ, ಒಕ್ಕಲಿಗ–ಒಕ್ಕಲಗಿತ್ತಿ ಎಂದು ಹುಡುಗರಿಂದ ಹೇಳಿಸಿದೆನು. ಈ ಶಬ್ದ ನನ್ನ ಪಟ್ಟಿಗೆ ಬರಲಿಲ್ಲ. ಷಂಡ, ನಪುಂಸಕ ಎಂಬುವು ಬೇರೆ ಅರ್ಥದವು, ಬೈಗುಳಗಳು ಬೇರೆ. ದಶರಥನಿಗೆ ಮೂವರು ರಾಣಿಯರಿದ್ದು ಮೂವರಲ್ಲಿಯೂ ಮಕ್ಕಳಾಗದಿದ್ದಾಗ, ಯಾವ ಪಾಮರನಿಗಾದರೂ ಲೆಕ್ಕ ತಿಳಿಯಬೇಕಾಗಿತ್ತು. ಋಷ್ಯಶೃಂಗನು ಬಂದು ಇಷ್ಟಿಯನ್ನು ಮಾಡಿಸಿದನು. ಪಾಯಸವನ್ನು ಮಾತ್ರ ರಾಣಿಯರೇ ಕುಡಿದರು.

ಅಳಿಯನಿಗೆ ಆ ಸಂಜೆ ಇದೆಲ್ಲವನ್ನೂ ಹೇಳಿದೆನು. ಹೇಳುತ್ತಿದ್ದಾಗಲೇ ಅವನ ಅತ್ತೆ ದೇವಸ್ಥಾನದಿಂದ ಬಂದಳು; ಮಾತು ನಿಲ್ಲಿಸಲಿಲ್ಲ. ಅವಳು ತಟ್ಟೆಯನ್ನು ಇಳಿಸಿ, ಹೊಸಲಿನ ಮೇಲೆ ಕುಳಿತು ಕೇಳಿದಳು. ಆಮೇಲೆ ಅವನನ್ನು, "ಜ್ವರ ಬಂದಿತ್ತಲ್ಲೋ ನಿನಗೆ, ದಸರೆಗೆ ಮುಂಚೆ?" ಎಂದು ಕೇಳಿದಳು. ಡೆಂಗ್ಯೂ ಜ್ವರದಿಂದ ಹತ್ತು ದಿನ ಮಲಗಿದ್ದನು. ಮೂರು ರಾತ್ರಿ ಮೊಬೈಲು ಓದಿದ ಅವನಿಗೂ, ಇಷ್ಟು ಉಪನ್ಯಾಸ ಕೊಟ್ಟ ನನಗೂ ಅದು ನೆನಪಾಗಿರಲಿಲ್ಲ.

ಮರುವಾರ ನಾನೇ ಅವನೊಡನೆ ಬೆಂಗಳೂರಿಗೆ ಹೋಗಿ ವೈದ್ಯರನ್ನು ಕಂಡೆನು. ಅವರು ಮೊದಲು ಕೇಳಿದ್ದು ಗಂಟುಗಳನ್ನಲ್ಲ. ಜ್ವರ, ಮಧುಮೇಹ, ಬಾಲ್ಯದಲ್ಲಿ ಮಂಗನಬಾವು, ಬೀಡಿ ಸಿಗರೇಟು, ನುಂಗುತ್ತಿರುವ ಮಾತ್ರೆ, ಇವನ್ನೆಲ್ಲ ಕೇಳಿ, ಕೊನೆಗೆ, "ಜಿಮ್ಮಿನಲ್ಲಿ ಇಂಜೆಕ್ಷನ್ ಏನಾದರೂ?" ಎಂದರು. ಹುಡುಗ ತಡವರಿಸಿದನು. ವೀರ್ಯ ನೀರಾಗುತ್ತಿದೆಯೆಂದು ಹೇಳಿಕೊಂಡಾಗ, ವ್ಯಾಯಾಮ ಕಲಿಸುವವನು ಟೆಸ್ಟೋಸ್ಟೆರೋನ್ ಚುಚ್ಚಿಸಿಕೊಳ್ಳಲು ಹೇಳಿದ್ದನಂತೆ. ಅದನ್ನು ಕೊಂಡೂ ಇಟ್ಟಿದ್ದನು, ಚುಚ್ಚಿಸಿಕೊಂಡಿರಲಿಲ್ಲ. ವೈದ್ಯರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ಬಚಾವಾದೆ" ಎಂದರು. ಆ ಹಾರ್ಮೋನು ಹೊರಗಿನಿಂದ ಬಂದರೆ ಮಿದುಳಿನ ಗ್ರಂಥಿಯು ವೃಷಣಕ್ಕೆ ಕಳುಹಿಸುವ ಅಪ್ಪಣೆಯನ್ನು ನಿಲ್ಲಿಸುತ್ತದೆ. ಊರಿಗೆ ಹೊರಗಿನಿಂದ ನೀರು ತಂದು ಸುರಿದರೆ ರಾಟೆ ಎಳೆಯುವವನು ಹಗ್ಗ ಬಿಟ್ಟು ಕೂರುವಂತೆ. ಗಂಡಸುತನ ಹೆಚ್ಚಲೆಂದು ಚುಚ್ಚಿಸಿಕೊಂಡವನ ವೀರ್ಯದಲ್ಲಿ ವೀರ್ಯಾಣು ಸೊನ್ನೆಯಾಗುವುದುಂಟು. ಬಿಟ್ಟಮೇಲೆ ಹಿಂದಿರುಗಲು ಹಲವು ತಿಂಗಳು, ಕೆಲವರಿಗೆ ವರ್ಷಗಳೇ ಬೇಕು. ನಮ್ಮ ಕಾಲದ ಬೂದಿಯ ಪುಡಿ ಗಡಿಯಾರವನ್ನು ಮಾತ್ರ ನುಂಗಿತು. ಈ ಕಾಲದ ಲಾಡ್ಜು ಕನ್ನಡಿ ಹಾಕಿಕೊಂಡು, ದೀಪ ಉರಿಸಿಕೊಂಡು, ದಿನವೂ ತೆರೆದಿರುತ್ತದೆ.

ಹುಡುಗನ ಕಾಗದದಲ್ಲಿ ಮಿಲಿಲೀಟರಿಗೆ ಒಂದು ಕೋಟಿ ಹತ್ತು ಲಕ್ಷವೆಂದು ಬಂದಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರಡಿಸಿದ ಆರನೆಯ ಮುದ್ರಣದ ಕೈಪಿಡಿಯಲ್ಲಿ ಕೆಳಗಿನ ಗೆರೆ ಒಂದು ಕೋಟಿ ಅರುವತ್ತು ಲಕ್ಷ. ವೀರ್ಯದ ಪ್ರಮಾಣ 1.4 ಮಿಲಿಲೀಟರು, ಚಲಿಸುವವು ನೂರಕ್ಕೆ 42. ಹುಡುಗನ ಮುಖ ಬಿಳಿಚಿಕೊಂಡಿತು. ಅದು ನಮ್ಮ ಪರೀಕ್ಷೆಗಳ ಮೂವತ್ತೈದು ಅಂಕದಂಥ ಪಾಸು-ನಪಾಸಿನ ಗೆರೆಯಲ್ಲವೆಂದು ವೈದ್ಯರು ತಿಳಿಸಿದರು. ಒಂದು ವರ್ಷದೊಳಗೆ ಹೆಂಡತಿ ಬಸಿರಾದ ನೂರು ಮಂದಿ ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ, ಕಡೆಯ ಐವರು ಆ ಗೆರೆಯ ಕೆಳಗೆ ನಿಲ್ಲುತ್ತಾರೆ, ಅವರೂ ತಂದೆಯರೇ. ಜ್ವರದ ಬಿಸಿ ವೃಷಣದ ಕೆಲಸವನ್ನು ಕೆಲವು ವಾರ ಕೆಡಿಸುವುದರಿಂದ, ಮೂರು ತಿಂಗಳ ಮೇಲೆ ಮತ್ತೆ ಬರಬೇಕೆಂದರು. ಬಟ್ಟಲಿಗೆ ಹಿಡಿಯುವಾಗ ಮೊದಲ ತೊಟ್ಟುಗಳು ಚೆಲ್ಲಬಾರದೆಂದೂ ಎಚ್ಚರಿಸಿದರು. ವೀರ್ಯಾಣುಗಳ ದಂಡು ಇರುವುದು ಮೊದಲ ಪಾಲಿನಲ್ಲಿಯೇ.

ನಾನು ನನ್ನ ವಯಸ್ಸಿನ ಸಲಿಗೆಯಿಂದ, ಹಾಗಾದರೆ ಕಣ್ಣಿಗೆ ಕಾಣುವ ಯಾವುದಕ್ಕೂ ಹೆದರಬೇಕಾದುದಿಲ್ಲವೇ ಎಂದು ಕೇಳಿದೆನು. ಕೆಲವಕ್ಕೆ ಉಂಟು ಎಂದರು. ವೀರ್ಯದಲ್ಲಿ ರಕ್ತ ಕಂಡರೆ, ಎಳೆಯರಲ್ಲಿ ಅದು ಹೆಚ್ಚಾಗಿ ತಾನೇ ನಿಲ್ಲುವುದಾದರೂ, ನಲವತ್ತು ದಾಟಿದವರು ಪ್ರಾಸ್ಟೇಟನ್ನು ತೋರಿಸಿಕೊಳ್ಳಬೇಕು. ಪ್ರಮಾಣ ತೀರ ಇಳಿದು ಒಂದೆರಡು ತೊಟ್ಟಾದರೆ ನಾಳ ಕಟ್ಟಿರಬಹುದು, ಅಥವಾ ಹುಟ್ಟಿನಿಂದಲೇ ಇಲ್ಲದಿರಬಹುದು. ಮಧುಮೇಹಿಗಳಲ್ಲಿಯೂ, ನನ್ನಂತೆ ಪ್ರಾಸ್ಟೇಟಿನ ಮಾತ್ರೆ ನುಂಗುವವರಲ್ಲಿಯೂ ಅದು ಹೊರಬರದೆ ಹಿಂದಕ್ಕೆ ಮೂತ್ರಕೋಶವನ್ನು ಸೇರುವುದುಂಟು. ಕೀವಿನಂತೆ ಹಳದಿಯಾಗಿ, ಉರಿ, ನೋವು, ಜ್ವರ ಕೂಡಿದ್ದರೆ ಸೋಂಕು. ವೃಷಣದಲ್ಲಿ ಗಟ್ಟಿ ಗಂಟು ಕೈಗೆ ಸಿಕ್ಕರೆ ಒಂದು ದಿನವೂ ತಡಮಾಡಬಾರದು.

ಲೋಕದಲ್ಲಿ ಗಂಡಸರ ವೀರ್ಯಾಣುಗಳ ಸಂಖ್ಯೆಯೇ ಇಳಿಯುತ್ತಿದೆಯೆಂಬ ವಾದವೂ ಇದೆ. ಡೆನ್ಮಾರ್ಕಿನ ವಿದ್ವಾಂಸರು 1992ರಲ್ಲಿ 61 ಪ್ರಬಂಧಗಳನ್ನು ಕೂಡಿಸಿ, ಐವತ್ತು ವರ್ಷಗಳಲ್ಲಿ ಸರಾಸರಿ 11 ಕೋಟಿ 30 ಲಕ್ಷವು 6 ಕೋಟಿ 60 ಲಕ್ಷಕ್ಕೆ ಇಳಿದಿದೆಯೆಂದರು. 2017ರ ಮತ್ತೊಂದು ಸಂಕಲನವು, ಪಶ್ಚಿಮದೇಶಗಳಲ್ಲಿ 1973ರಿಂದ 2011ರ ವರೆಗೆ ಅರ್ಧಕ್ಕಿಂತ ಹೆಚ್ಚು ಇಳಿತವೆಂದಿತು. ಹಳೆಯ ಎಣಿಕೆಯ ಕ್ರಮವನ್ನೂ ಹೊಸದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ಆಕ್ಷೇಪಿಸುವ ಪಂಡಿತರೂ ಇದ್ದಾರೆ. ನನಗೆ ಈ ಜಗಳದಲ್ಲಿ ತೀರ್ಪು ಕೊಡುವ ಯೋಗ್ಯತೆಯಿಲ್ಲ. ಎಣಿಸಲಿಕ್ಕೆ ಬಟ್ಟಲನ್ನು ಹಿಡಿದು ಬರುವ ಗಂಡಸರಾದರೂ ಹೆಚ್ಚಿದ್ದಾರಲ್ಲ ಎಂದು ಸಮಾಧಾನಪಟ್ಟೆನು.

ಮಾಘಮಾಸದಲ್ಲಿ ಹುಡುಗನ ಎರಡನೆಯ ಕಾಗದ ಬಂದಿತು: ನಾಲ್ಕು ಕೋಟಿ ಇಪ್ಪತ್ತು ಲಕ್ಷ. ಈ ಸಲ ಅವನ ಹೆಂಡತಿಯೂ ಜೊತೆಯಲ್ಲಿ ಹೋಗಿದ್ದಳು. ಆಕೆಯೇ ನಮಗೆ ದೂರವಾಣಿಯಲ್ಲಿ ಓದಿ ಹೇಳಿದಳು. ಮಗುವಿನ ಸುದ್ದಿ ಇನ್ನೂ ಇಲ್ಲ. ಅವರಿಬ್ಬರಿಗೂ ಅವಸರವಿದ್ದಂತೆ ತೋರುವುದಿಲ್ಲ.

ಈ ಬರಹವನ್ನು ಸಂಪಾದಕರಿಗೆ ಕೊಡುವ ಮುನ್ನ ಹೆಂಡತಿಗೆ ಓದಿ ತೋರಿಸಿದೆನು. ಅರಳಿಕಟ್ಟೆಯ ಸುತ್ತು ನಲವತ್ತೆಂಟು ದಿನದ್ದು ಒಂದು ಸಲವಲ್ಲ, ಎರಡು ಸಲವೆಂದು ತಿದ್ದಿದಳು. ನನ್ನ ತಾಯಿಯ ಮಾತು ಬಂದ ಕಡೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದುಹೋಗಿ, ರೇಷ್ಮೆಸೀರೆಗಳ ಪೆಟ್ಟಿಗೆಯನ್ನು ತೆರೆದು, ಮಡಿಕೆಗಳಲ್ಲಿ ಹರಿದಿದ್ದ ಒಂದು ಕಾಗದವನ್ನು ತಂದು ನನ್ನ ಮುಂದಿಟ್ಟಳು. 1991ರದು. ನಾನು ಅದನ್ನು ಬಚ್ಚಲೊಲೆಗೆ ಹಾಕಿದ್ದೇನೆಂದು ತಿಳಿದಿದ್ದೆನು. "ಅತ್ತೆಗೆ ತೋರಿಸೋಣ ಅಂತ ಎಷ್ಟೋ ಸಲ ಕೈಗೆ ತೆಗೆದುಕೊಂಡಿದ್ದೆ" ಎಂದಳು. "ಮತ್ತೇಕೆ ತೋರಿಸಲಿಲ್ಲ?" ಎಂದು ಕೇಳಿದೆನು. "ನೀವೇ ಹೇಳುತ್ತೀರಿ ಅಂತ ಕಾದೆ" ಎಂದು ಹೇಳಿ, ಹಾಲು ಉಕ್ಕುವ ವಾಸನೆ ಬಂದುದರಿಂದ ಒಳಕ್ಕೆ ಹೋದಳು.